ರೊಡ್ಡಗೈ ಚಾಕು

ರಾಯಬಂದರದ ಧಕ್ಕಿಯಿಂದ ಫೆರಿ ಹತ್ತಿ ಚೋಡಣಕ್ಕ ಹೋದೆ.
ಲಿಗೋರ್ ಮೇಸ್ತನ ಮನಿ ಯಾವುದು ಅಂತ ಕೇಳಿದರ
ಬ್ರೆಡ್ಡಿನ ಸೈಕಲ್ಲಿನ ಹುಡುಗ ಗದ್ದ ಎತ್ತಿ ತೋರಿಸಿದ:
ಕಬ್ಬಣದ ಸಪ್ಪಳ ಬರತೈತಲ್ಲ, ಅಲ್ಲೇ.

ಹಡಗಿನ ಇಂಜಿನ್ನಿನಾಗ ಮೂವತ್ತು ವರ್ಷ ಫಿಟ್ಟರ್ ಇದ್ದವ.
ಈಗ ಅಂಗಳದಾಗ ಒಂದು ಕುಲುಮಿ, ಒಂದು ಅಡಗಲ್ಲು,
ಎರಡು ಕಿವಿ, ಅದರಾಗ ಒಂದ ಕೆಲಸ ಮಾಡತೈತಿ.
ಯಾರಿಗೆ, ಅಂದ. ಸಾಹೇಬರಿಗೇನು?
ನನಗ, ಅಂದೆ. ಅವನ ಚಲೋ ಕಿವಿ ನನ್ನ ಕಡೆ ತಿರುಗಿತು.

ಡಿಚೋಲಿ ನರ್ಸರಿಯಾಗ ಮಾವಿಗೆ ಕಸಿ ಕಟ್ಟತೀನಿ.
ಅಲ್ಲಿಯ ಚಾಕುಗಳಿಗೆ ಒಂದ ಮಗ್ಗಲಿಗೆ ಸಾಣಿ,
ಬಲಗೈಯವರ ಮಗ್ಗಲಿಗೆ.
ನಾ ರೊಡ್ಡಿ. ನಾ ಕೊಯ್ದರ ಅಲಗು ಒಳಗ ಜಾರತೈತಿ,
ಕಡ್ಡಿಯ ಮುಖ ಗಿಳಿ ಕಚ್ಚಿದ ಪ್ಯಾರಲದಂಗ ಆಗತೈತಿ.
ಒಂದು ಕಸಿಗೆ ನಾಕು ರೂಪಾಯಿ, ಅದೂ ಹತ್ತಿದರ.
ನೂರರಾಗ ನಲವತ್ತು ಒಣಗಿದರ ಮ್ಯಾನೇಜರ ಅಂತಾನ:
ಫಕೀರವ್ವ, ನಿನ್ನ ಕೈಗುಣ.

ಮೇಸ್ತ ಹಳೇ ಪೇಪರ ಹಾಸಿ, ಕೈ ಇಡು ಅಂದ.
ರೂಢಿಗೆ ಬಲಗೈ ಇಟ್ಟೆ. ತಗದೆ. ಎಡಗೈ ಇಟ್ಟೆ.
ಪೆನ್ಸಿಲ್ಲು ಬೆರಳ ಸಂದಿಯೊಳಗ ಇಳದು ಹತ್ತಿ ಇಳದು ಬಂತು.
ಈ ಕೈಯ ಅಳತಿ ಯಾರೂ ತಗೊಂಡಿದ್ದಿಲ್ಲ.
ಬಳಿಗಾರ ಗೆಣ್ಣು ಹಿಚುಕಿದ್ದ, ಅದು ಅಳತಿ ಅಲ್ಲ;
ಅವ್ವ ಅರಿವಿ ಸುತ್ತಿ ಬೆನ್ನಹಿಂದ ಕಟ್ಟತಿದ್ದಳು,
ಉಣ್ಣುವಾಗ ಬಿಚ್ಚತಿರಲಿಲ್ಲ.
ಕಿರುಬೆರಳಿನ ಹಳೇ ಗಾಯ ಸುದ್ದಾ ಗೆರಿಯೊಳಗ ಬಂತು,
ಒಂದು ಸಣ್ಣ ಗುಬುಟು.

ಎರಡು ಸಾವಿರದ ಎಂಟುನೂರು ಅಂದ.
ಮನಸಿನಾಗ ಗಿಡ ಎಣಿಸಿದೆ: ಏಳುನೂರು. ಎಲ್ಲಾ ಹತ್ತಿದರ.
ಚೌಕಾಶಿ ಮಾಡಲಿಲ್ಲ. ಯಾಕ ಮಾಡಲಿಲ್ಲ ಅಂತ
ಫೆರಿಯೊಳಗ ನಿಂತು ನನ್ನನ್ನ ನಾನ ಬೈಕೊಂಡೆ.
ಹೊರಡುವಾಗ ಅವನ ಮಾವಿನ ಗಿಡದಾಗ ಒಂದು ಟೊಂಗಿಯ
ಎಲಿ ಚಿವುಟಿದ್ದೆ, ತೊಟ್ಟು ಬಿಟ್ಟಿದ್ದೆ.
ಏನದು ಅಂತ ಅವ ಕೇಳಲಿಲ್ಲ.

ಹನ್ನೆರಡನೇ ದಿನ ಚಾಕು ಸ್ಟೂಲಿನ ಮ್ಯಾಲ ಇಟ್ಟ,
ಕೈಗೆ ಕೊಡಲಿಲ್ಲ. ಅವರಾಗೂ ಹಂಗ ಐತಿ ನೋಡು,
ಕೈಯಿಂದ ಕೈಗೆ ಕೊಟ್ಟರ ಜಗಳ.
ಮುರಿದ ಗರಗಸದ ಉಕ್ಕು, ಹಲಸಿನ ಹಿಡಿಕಿ,
ಅಲಗು ನನ್ನ ನಡುಬೆರಳಿಗಿಂತ ಗಿಡ್ಡ.
ಮೊದಲನೇದು ಮರತು ಬಲಗೈಗೆ ಮಾಡಿಬಿಟ್ಟೆ ಅಂದ,
ಐವತ್ತು ವರ್ಷದ ರೂಢಿ. ಅದು ಮೊಳಿಗೆ ತೂಗತಿತ್ತು.
ಇದಕ್ಕ ಹದ ಕೊಡುವಾಗ ಬಣ್ಣ ನೋಡಕೋತ ಕುಂತೆ,
ಒಣಹುಲ್ಲಿನ ಹಳದಿ ದಾಟಿ, ಕಂದು ಮುಟ್ಟೂದರಾಗ ನೀರಿಗೆ.
ಅವನ ಕೊಂಕಣಿಯಾಗ ಅರ್ಧ ನನಗ ತಿಳಿಯಲಿಲ್ಲ.
ಹದ ತಿಳೀತು. ಬೆಲ್ಲದ ಪಾಕಕ್ಕೂ ಅಷ್ಟ ಹೊತ್ತು ಇರತೈತಿ.

ಎಲ್ಲಾ ಗಿರಾಕಿಗೂ ಹಿಡಿಯೂವಂಗ ಒಂದು ಕಾಗದ ಹಿಡದ,
ಕೊಯ್ದು ನೋಡು ಅಂದ.
ಕಾಗದ ನನಗ್ಯಾಕ?
ನಾ ಚಿವುಟಿದ ಟೊಂಗಿಗೆ ತೊಟ್ಟು ಉದುರಿದ್ದವು,
ತುದಿಮೊಗ್ಗು ಗುಬ್ಬಿ ಎದಿಯಂಗ ಉಬ್ಬಿತ್ತು.
ಎಣ್ಣಿ ಡಬ್ಬಿಯ ಹಿಂದ, ಯಾರೋ ತಿಂದು ಒಗದ ಗೊರಟದಿಂದ
ಹುಟ್ಟಿದ ಸಸಿ, ಪೆನ್ಸಿಲ್ ದಪ್ಪ.
ಕುಕ್ಕರಗಾಲಿಲೆ ಕುಂತೆ. ಒಂದ ಎಳತ. ಇನ್ನೊಂದು.
ಅಲಗು ಎಲ್ಲಿ ಹೋಗಂದರ ಅಲ್ಲಿ ಹೋತು.
ಕೊಯ್ದ ಮುಖ ಹಸಿಹಸಿ, ಸಪಾಟ.
ಸಸಿ ಸೀಳಿ, ಕಡ್ಡಿ ಇಳಿಸಿ, ಸೊಂಟದ ಚೀಲದಿಂದ
ಪ್ಲಾಸ್ಟಿಕ್ ಪಟ್ಟಿ ತಗದು ಬಿಗದೆ.

ಮೇಸ್ತ ಬಗ್ಗಿ ಚಲೋ ಕಿವಿ ಸಸಿ ಹತ್ತಿರ ತಂದ,
ಏನೋ ಕೇಳಿಸೂವಂಗ.
ಮೂರು ವಾರ, ಅಂದೆ. ಕಟ್ಟಿನ ಮ್ಯಾಲ ನೀರು ಬೀಳಬಾರದು.
ಹತ್ತಲಿಲ್ಲಂದರ?
ಚಾಕಿನ ತಪ್ಪಿಲ್ಲ, ಅಂದೆ. ನನ್ನ ಕೈದೂ ಇಲ್ಲ.
ಆಡು ಬಂದು ತಿಂದಿರತೈತಿ.

ರೊಕ್ಕ ಎಣಿಸಿ ಸ್ಟೂಲಿನ ಮ್ಯಾಲ ಇಟ್ಟೆ, ಎಡಗೈಲೆ.
ಫೆರಿ ನಡುಹೊಳಿಗೆ ಬಂದಾಗ
ಇನ್ನೊಮ್ಮೆ ನೋಡೂಣಂತ ಚಾಕಿನ ಸುತ್ತ ಬಿಚ್ಚಿದೆ.
ಅದ ಹಳೇ ಪೇಪರು. ಅದರಾಗ ನನ್ನ ಕೈ,
ಬೆರಳು ಮಡಚಿಕೊಂಡು.